‘ನಾನೇ!’ ಎನ್ನುವ ಮಗು, ಶಿರಾಡಿ ಘಾಟಿ ಮತ್ತು ತಪ್ಪಿದ ಮಧ್ಯಾಹ್ನದ ನಿದ್ದೆ: ಒಂದು ಪ್ರಕರಣ ಅಧ್ಯಯನ

ಪ್ರಯಾಣದಲ್ಲಿ ಮಗು ರಚ್ಚೆ ಹಿಡಿದರೆ ಎಲ್ಲರ ಕಣ್ಣೂ ರಚ್ಚೆ ಶುರುವಾದ ನಿಮಿಷದ ಮೇಲಿರುತ್ತದೆ. ಈ ಪ್ರಕರಣದಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಹಾಸನದ ಹೋಟೆಲೊಂದರ ಮುಂದೆ ನಡೆದ ರಂಪದ ಬೇರು ಬೆಳಿಗ್ಗೆಯಲ್ಲೇ ಇತ್ತು: ಆರಕ್ಕೆ ಹೊರಡಬೇಕಿದ್ದ ಕಾರು ಹೊರಟದ್ದು 8.40ಕ್ಕೆ. ಹಲವು ಮನೆಗಳಲ್ಲಿ ಮತ್ತೆ ಮತ್ತೆ ಕಾಣುವುದನ್ನು ಇಲ್ಲಿ ಒಂದೇ ಮನೆಯ ಹೋಗಿಬರುವ ಪ್ರಯಾಣವಾಗಿ ಹೆಣೆದಿದ್ದೇವೆ. ಹೋಗುವಾಗ ಕೆಟ್ಟದ್ದೇನು, ಬರುವಾಗ ಬದಲಿಸಿದ್ದೇನು, ಬದಲಿಸಿದ ಮೇಲೂ ಕೈಕೊಟ್ಟದ್ದೇನು ಎಂಬುದನ್ನು ಗಂಟೆಗಂಟೆಯ ಲೆಕ್ಕದಲ್ಲಿ ನೋಡೋಣ.

ಮಗು ಮತ್ತು ಮನೆ

ಮಗಳಿಗೆ 2 ವರ್ಷ 5 ತಿಂಗಳು. ತೂಕ 12 ಕೆ.ಜಿ., ಎತ್ತರ 88 ಸೆಂ.ಮೀ. ಅಪ್ಪ ಅಮ್ಮ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಅಮ್ಮನ ತವರು ಪುತ್ತೂರಿನ ಹತ್ತಿರದ ಅಡಿಕೆ ತೋಟದ ಮನೆ. ತಮ್ಮನ ಹೊಸ ಮನೆಯ ಒಕ್ಕಲಿಗೆ ಹೊರಟ ಪ್ರಯಾಣ ಇದು. ಬೆಂಗಳೂರಿಗೆ ಬಂದಿದ್ದ ಅಜ್ಜನೂ ಅದೇ ಕಾರಿನಲ್ಲಿ ವಾಪಸಾಗುತ್ತಿದ್ದರು.

ಮಗುವಿನ ದಿನಚರಿ ಗಟ್ಟಿಯಾಗಿತ್ತು. ಬೆಳಿಗ್ಗೆ ಏಳಕ್ಕೆ ಏಳುತ್ತಾಳೆ, 12.45ರಿಂದ 2.30ರವರೆಗೆ ಮಧ್ಯಾಹ್ನದ ನಿದ್ದೆ, ರಾತ್ರಿ ಒಂಬತ್ತಕ್ಕೆ ಮಲಗುತ್ತಾಳೆ. ಒಟ್ಟು ಹನ್ನೊಂದೂಮುಕ್ಕಾಲು ಗಂಟೆ. ಒಂದು ತುಂಬಿ ಮೂರು ತುಂಬದ ಮಕ್ಕಳಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು, ಹಾಗಾಗಿ ಇವಳಲ್ಲಿ ಸಾಲ ಕೊಡಲು ಹೆಚ್ಚು ನಿದ್ದೆ ಇರಲಿಲ್ಲ. ಚಪ್ಪಲಿ, ಚಮಚ, ಲಿಫ್ಟಿನ ಬಟನ್, ಎಲ್ಲಕ್ಕೂ ಅವಳ ಮಾತು ಒಂದೇ: ‘ನಾನೇ!’ ಬೇರೆಯವರು ಚಪ್ಪಲಿ ಹಾಕಿದರೆ ಬಿಚ್ಚಿ ಮೊದಲಿನಿಂದ ತಾನೇ ಹಾಕಿಕೊಳ್ಳುತ್ತಾಳೆ. ಹೊಸ ಮುಖ ಕಂಡರೆ ಅಮ್ಮನ ಕಾಲಿನ ಹಿಂದೆ ಸರಿಯುತ್ತಾಳೆ. ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು.

ಇದನ್ನು ಮನೆಯವರು ‘ವಿಪರೀತ ಹಟ’ ಎಂದು ಕರೆಯುತ್ತಿದ್ದರು. ನಮ್ಮ ಓದು ಬೇರೆ. 1956ರಲ್ಲಿ ನ್ಯೂಯಾರ್ಕಿನಲ್ಲಿ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ಮನೋವೈದ್ಯ ದಂಪತಿ ಶಿಶುಗಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ನೋಡಲು ಶುರುಮಾಡಿದರು. ಮಕ್ಕಳ ಸ್ವಭಾವದಲ್ಲಿ ಒಂಬತ್ತು ಗುಣಗಳನ್ನು ಅವರು ಗುರುತಿಸಿದರು. ಚುರುಕು, ಹೊಸದಕ್ಕೆ ಒಗ್ಗುವ ವೇಗ, ಭಾವನೆಯ ತೀವ್ರತೆ, ಹಿಡಿದದ್ದನ್ನು ಬಿಡದಿರುವುದು, ಇವೆಲ್ಲ ಅದರಲ್ಲಿವೆ. ಮಗು ಯಾವ ಬಗೆಯದು ಎಂಬುದಕ್ಕಿಂತ ಅದರ ಸ್ವಭಾವಕ್ಕೂ ಸುತ್ತಲಿನವರ ನಿರೀಕ್ಷೆಗೂ ಎಷ್ಟು ಹೊಂದಿಕೆಯಿದೆ ಎಂಬುದೇ ಮುಖ್ಯ ಎಂದು ಅವರು ವಾದಿಸಿದರು. ಈ ಮಗುವಿನಲ್ಲಿ ತೀವ್ರತೆ ಹೆಚ್ಚು, ಪಟ್ಟು ಹೆಚ್ಚು, ಒಗ್ಗುವ ವೇಗ ಕಡಿಮೆ. ಅಂಥ ಮಗುವನ್ನು ಕಾರಿನಲ್ಲಿ ಒಂಬತ್ತು ಗಂಟೆ ಕೂರಿಸಿದರೆ ಅದರ ಕೈಯಲ್ಲಿದ್ದ ಎಲ್ಲ ನಿರ್ಧಾರಗಳೂ ಒಂದೇ ದಿನ ಹೋಗುತ್ತವೆ. ಯಾವಾಗ ಏಳಬೇಕು, ಎಲ್ಲಿ ಕೂರಬೇಕು, ಏನು ತಿನ್ನಬೇಕು, ಯಾರ ತೋಳಿಗೆ ಹೋಗಬೇಕು, ಒಂದೂ ಅದರದ್ದಲ್ಲ.

ಹೋಗುವ ದಿನ

ಬೆಂಗಳೂರಿನಿಂದ ಪುತ್ತೂರಿಗೆ ಸುಮಾರು 300 ಕಿ.ಮೀ. ರಾಷ್ಟ್ರೀಯ ಹೆದ್ದಾರಿ 75ರಲ್ಲಿ ನೆಲಮಂಗಲ, ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದರೆ ಗುಂಡ್ಯ. ಅಲ್ಲಿಂದ ಉಪ್ಪಿನಂಗಡಿಗೆ ಬಂದು ಪುತ್ತೂರಿಗೆ ತಿರುಗಬೇಕು.

8.40ಕ್ಕೆ ಹೊರಟ ಕಾರು ನೆಲಮಂಗಲದ ಸಾಲಿನಲ್ಲಿ ನಿಂತಿತು. 10.30ಕ್ಕೆ ಯಡಿಯೂರಿನ ಹತ್ತಿರ ತಿಂಡಿ, ಮುಕ್ಕಾಲು ಗಂಟೆ. ಅಷ್ಟು ಹೊತ್ತೂ ಮಗು ಎತ್ತರದ ಕುರ್ಚಿಯಲ್ಲೇ ಕೂತಿತ್ತು, ಒಂದು ಹೆಜ್ಜೆಯೂ ಓಡಲಿಲ್ಲ. 12.35ಕ್ಕೆ ಚನ್ನರಾಯಪಟ್ಟಣ ದಾಟಿದ ಮೇಲೆ ಕಣ್ಣು ಮುಚ್ಚಿತು. 12.55ಕ್ಕೆ ಹಾಸನ ಬಂತೆಂದು ಊಟಕ್ಕೆ ಎಬ್ಬಿಸಿದರು.

ದಿನ ಕೆಟ್ಟದ್ದು ಇಲ್ಲಿಯೇ. ಇಪ್ಪತ್ತು ನಿಮಿಷದ ನಿದ್ದೆ ದಣಿವನ್ನು ತೆಗೆಯುವುದಿಲ್ಲ, ಆದರೆ ನಿದ್ದೆಗೆ ಎಳೆಯುವ ಒತ್ತಡವನ್ನು ಮಾತ್ರ ಮುರಿದುಬಿಡುತ್ತದೆ. ಮಗು ಮತ್ತೆ ಮಲಗದು, ಎಚ್ಚರವಾಗಿಯೂ ಇರದು. ದೊಡ್ಡವರು ‘ಮಲಗಿ ಎದ್ದಳಲ್ಲ, ಇನ್ನು ಸರಿ’ ಎಂದುಕೊಂಡರು. ಊಟಕ್ಕೆ ಅನ್ನ ಸಾರು, ಮೇಲೆ ಒಂದು ಲೋಟ ಹಾಲು. ಎರಡು ಗಂಟೆಗೆ ‘ಹೋಗೋಣ್ವಾ ಪುಟ್ಟಿ?’ ಎಂದು ಕೇಳಿದರು. ‘ಬೇಡ’ ಎಂದಳು. ಅಪ್ಪ ಎತ್ತಿ ಮಕ್ಕಳ ಸೀಟಿಗೆ ಇಳಿಸಿದಾಗ ಮೈಯನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸಿ, ಹಿಮ್ಮಡಿ ಒತ್ತಿ, ಸೊಂಟ ಮೇಲೆತ್ತಿದಳು. ಬೆಲ್ಟು ಹಾಕಲು ಕಾಲು ಗಂಟೆ ಬೇಕಾಯಿತು. ಒಬ್ಬರು ಗದರಿದರು, ಒಬ್ಬರು ಚಾಕೊಲೇಟ್ ತೋರಿಸಿದರು, ಒಬ್ಬರು ‘ಪೊಲೀಸ್ ಬರ್ತಾರೆ ನೋಡು’ ಎಂದರು. ಕಾರು ಹೊರಟ ಮೇಲೆ ಇನ್ನೂ 25 ನಿಮಿಷ ಅಳು. ಸಕಲೇಶಪುರಕ್ಕೆ ಸ್ವಲ್ಪ ಮುಂಚೆ ಅಜ್ಜನಿಗೆ ತಡೆಯಲಾಗಲಿಲ್ಲ. ‘ಒಂದು ದಿನಕ್ಕೆ ಏನಾಗ್ತದೆ ಮಾರಾಯ್ತಿ, ಮಗುವನ್ನು ಹೀಗೆ ಕೂಗಿಸ್ಬೇಡ’ ಎಂದು ಮಗಳಿಗೆ ಹೇಳಿ ಬೆಲ್ಟು ಬಿಚ್ಚಿಸಿ ಮಡಿಲಿಗೆ ಎಳೆದುಕೊಂಡರು. ಅಳು ನಿಂತಿತು. ಕೈಗೆ ಮೊಬೈಲು ಬಂತು. ಘಾಟಿಯ ಮೂರನೆಯೋ ನಾಲ್ಕನೆಯೋ ತಿರುವಿನಲ್ಲಿ ಮಗು ವಾಂತಿ ಮಾಡಿತು.

ಪುತ್ತೂರು ಮುಟ್ಟಿದಾಗ 5.45. ಅಂಗಳದಲ್ಲಿ ಒಂಬತ್ತು ಮಂದಿ ಕಾದಿದ್ದರು, ಎಲ್ಲರ ಕೈಯೂ ಚಾಚಿತ್ತು. ಮಗು ಕಿರುಚಿಕೊಂಡಿತು. ರಾತ್ರಿ ಮಲಗುವಾಗ ಹನ್ನೊಂದು.

ಎಲ್ಲಿ ತಪ್ಪಿತು

ಅಜ್ಜನದು ಮಮತೆ, ಅದರಲ್ಲಿ ಎರಡು ಮಾತಿಲ್ಲ. ಆದರೂ ಆ ಮಡಿಲು ಎರಡು ರೀತಿಯಲ್ಲಿ ಅಪಾಯ. ಮೊದಲನೆಯದು ನೇರ ಅಪಾಯ. ಗಾಡಿ ಥಟ್ಟನೆ ನಿಂತರೆ 12 ಕೆ.ಜಿ. ಮಗುವನ್ನು ಯಾವ ತೋಳೂ ಹಿಡಿದಿಡಲಾರದು. ಕಾನೂನು ಹೇಳುವುದೂ ಅದನ್ನೇ: 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಂತೆ 14 ವರ್ಷದೊಳಗಿನ ಮಗುವಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1,000 ರೂಪಾಯಿ ದಂಡ. ಎರಡನೆಯದು ನಿಧಾನದ ಅಪಾಯ. ‘25 ನಿಮಿಷ ಜೋರಾಗಿ ಅತ್ತರೆ ಬೆಲ್ಟು ಬಿಚ್ಚುತ್ತದೆ’ ಎಂಬುದನ್ನು ಮಗು ಅಂದು ಕಲಿಯಿತು. ಮುಂದಿನ ಸಲ ಇಪ್ಪತ್ತೈದಕ್ಕೆ ಬಿಚ್ಚದಿದ್ದರೆ ಮೂವತ್ತೈದು ನಿಮಿಷ ಅಳುತ್ತದೆ. ಒಮ್ಮೆ ಬಿಟ್ಟು ಒಮ್ಮೆ ಹಿಡಿಯುವ ನಿಯಮಕ್ಕಿಂತ ನಿಯಮವೇ ಇಲ್ಲದಿರುವುದು ಮಗುವಿಗೆ ಸುಲಭ, ಏಕೆಂದರೆ ಬಿಟ್ಟು ಹಿಡಿಯುವ ನಿಯಮವನ್ನು ಅದು ಪ್ರತಿ ಸಲವೂ ಪರೀಕ್ಷಿಸಲೇಬೇಕು.

ಭಾಷೆಯಲ್ಲೂ ಒಂದು ಎಡವಟ್ಟಿತ್ತು. ನಮ್ಮ ಮನೆಮಾತಿನಲ್ಲಿ ಆಜ್ಞೆಯನ್ನು ಮೃದುಮಾಡಲು ಪ್ರಶ್ನೆ ಕೇಳುತ್ತೇವೆ: ‘ಊಟ ಮಾಡೋಣ್ವಾ?’, ‘ಹೋಗೋಣ್ವಾ?’ ದೊಡ್ಡವರಿಗೆ ಅದು ಸೌಜನ್ಯ ಎಂದು ಗೊತ್ತು. ಎರಡೂವರೆ ವರ್ಷದ ಮಗುವಿಗೆ ಅದು ನಿಜವಾದ ಪ್ರಶ್ನೆ. ಅದು ಪ್ರಾಮಾಣಿಕವಾಗಿ ‘ಬೇಡ’ ಎನ್ನುತ್ತದೆ. ಆಮೇಲೆ ಎತ್ತಿ ಕೂರಿಸಿದರೆ ಕೇಳಿದ್ದು ಸುಳ್ಳಾಯಿತು. ಇನ್ನೊಂದು, ಕನ್ನಡದಲ್ಲಿ ‘ಬೇಡ’ ಕೊನೆಗೆ ಬರುತ್ತದೆ. ‘ಓಡಬೇಡ’ ಎಂದಾಗ ಓಡುವ ಮಗುವಿನ ಕಿವಿಗೆ ಮೊದಲು ಬೀಳುವುದು ‘ಓಡ’. ಅದಕ್ಕೆ ‘ನಿಲ್ಲು’, ‘ಕೈ ಹಿಡ್ಕೊ’ ಎನ್ನುವುದೇ ವಾಸಿ.

ಪೊಲೀಸರ ಹೆದರಿಕೆಯ ಬಗ್ಗೆ ನಾವು ಖಡಾಖಂಡಿತ. ಜಾತ್ರೆಯಲ್ಲೋ ನಿಲ್ದಾಣದಲ್ಲೋ ಕೈತಪ್ಪಿದ ಮಗು ಖಾಕಿ ಬಟ್ಟೆ ಕಂಡು ಓಡಿಹೋಗದೆ ಹತ್ತಿರ ಹೋಗಬೇಕು. ಆ ದಾರಿಯನ್ನು ನಾವೇ ಮುಚ್ಚಬಾರದು.

ವಾಂತಿಗೆ ಕಾರಣ ಸರಳ. ಹೊಟ್ಟೆ ತುಂಬ ಊಟ, ಮೇಲೆ ಹಾಲು, ತಲೆ ತಗ್ಗಿಸಿ ಮೊಬೈಲು, ತಿರುವು. ಕಣ್ಣು ‘ಅಲುಗಾಡುತ್ತಿಲ್ಲ’ ಎನ್ನುತ್ತದೆ, ಒಳಕಿವಿ ‘ಅಲುಗಾಡುತ್ತಿದೆ’ ಎನ್ನುತ್ತದೆ. ಆ ಜಗಳದಿಂದಲೇ ಹೊಟ್ಟೆ ತೊಳಸುವುದು.

ತೋಟದ ಮನೆಯಲ್ಲಿ ಮೂರು ದಿನ

ಎರಡನೆಯ ದಿನ ಅಜ್ಜಿ ಮಾಡಿದ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅವರು ಮಗುವನ್ನು ಕರೆಯಲಿಲ್ಲ, ಎತ್ತಲಿಲ್ಲ. ಜಗಲಿಯಲ್ಲಿ ಚಾಪೆ ಹಾಸಿ, ಬಸಳೆಯ ಹೊರೆ ಇಟ್ಟುಕೊಂಡು ಎಲೆ ಬಿಡಿಸುತ್ತ ಕೂತರು. ಪಕ್ಕದಲ್ಲಿ ಒಂದು ಖಾಲಿ ಬಟ್ಟಲು. ಮಗು ಬಾಗಿಲ ಸಂದಿಯಿಂದ ನೋಡಿತು. ಐದು ನಿಮಿಷ ಬಿಟ್ಟು ಮೂರು ಹೆಜ್ಜೆ ಮುಂದೆ ಬಂತು. ಅಜ್ಜಿ ಮುಖ ಎತ್ತದೆ ‘ಇದು ದೊಡ್ಡ ಎಲೆ, ಇದು ಸಣ್ಣ ಎಲೆ’ ಎಂದುಕೊಂಡರು. ಸ್ವಲ್ಪ ಹೊತ್ತಿಗೆ ಒಂದು ಪುಟ್ಟ ಕೈ ಬಂದು ಎಲೆಯೊಂದನ್ನು ಬಟ್ಟಲಿಗೆ ಹಾಕಿತು. ‘ನಾನೇ’ ಎಂದಳು. ಅಂದು ಸಂಜೆ ಅಜ್ಜಿಯ ಕೈಯಲ್ಲೇ ಊಟ. ಹೊಸಬರಿಗೆ ನಿಧಾನವಾಗಿ ಒಗ್ಗುವ ಮಗುವನ್ನು ಒಲಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ಕಾಣೆವು: ನೆಲದಲ್ಲಿ ಕೂರಿ, ಕೈಗೆ ಕೆಲಸ ಇರಲಿ, ಕಣ್ಣಿಗೆ ಕಣ್ಣು ನೆಡಬೇಡಿ, ಮಗುವೇ ಬರಲಿ.

ಕೆನ್ನೆ ಹಿಂಡುವವರಿಗೂ ಮುತ್ತು ಕೇಳುವವರಿಗೂ ಅಮ್ಮ ಒಂದು ವಾಕ್ಯ ಸಿದ್ಧಮಾಡಿಕೊಂಡಿದ್ದಳು: ‘ಅವಳಿಗೆ ಸ್ವಲ್ಪ ಹೊತ್ತು ಬೇಕು ಚಿಕ್ಕಮ್ಮ, ಆಮೇಲೆ ಅವಳೇ ಬರ್ತಾಳೆ.’ ಇದರಲ್ಲಿ ಯಾರಿಗೂ ಅವಮಾನವಿಲ್ಲ, ಮಗುವಿನ ಮೇಲೆ ‘ನಾಚಿಕೆ ಬುರುಕಿ’ ಎಂಬ ಹಣೆಪಟ್ಟಿಯೂ ಇಲ್ಲ.

‘ನಾನೇ’ ಎನ್ನುವ ಮಗು ತೋಟದ ಮನೆಗೆ ಬಂದರೆ ಮೊದಲ ಅರ್ಧ ಗಂಟೆಯಲ್ಲೇ ಒಬ್ಬರು ಮನೆ ಸುತ್ತಬೇಕು, ನೋಡುವ ಕಣ್ಣು ಮಗುವಿನ ಎತ್ತರದಲ್ಲಿರಬೇಕು. ಬಾವಿಕಟ್ಟೆಯ ಹತ್ತಿರ ಹತ್ತಿ ನಿಲ್ಲಲು ಸಿಗುವ ಕಲ್ಲು, ಬಕೆಟ್ ಇದೆಯೇ? ಬಲೆ ಮುಚ್ಚಿದೆಯೇ? ಬಚ್ಚಲಿನ ಹಂಡೆಯ ಬಿಸಿನೀರು, ನೀರು ತುಂಬಿದ ತೊಟ್ಟಿ, ಅಜ್ಜನ ಬಿಪಿ ಮಾತ್ರೆಗಳ ಡಬ್ಬಿ? ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ಗಂಟಲಲ್ಲಿ ಸಿಕ್ಕುವ ಗಾತ್ರದ್ದೇ. ಎಲ್ಲಕ್ಕಿಂತ ಹೆಚ್ಚಾಗಿ ನೋಡಬೇಕಾದ್ದು ಮೈಲುತುತ್ತು (ತಾಮ್ರದ ಸಲ್ಫೇಟ್). ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡಲು ತಂದಿಟ್ಟ ಆ ನೀಲಿ ಹರಳು ಮಗುವಿನ ಕಣ್ಣಿಗೆ ಬಣ್ಣದ ಕಲ್ಲುಸಕ್ಕರೆ. ಅದು ವಿಷ. ಈ ಮನೆಯಲ್ಲಿ ಅರ್ಧ ಚೀಲ ಕೊಟ್ಟಿಗೆಯ ಗೋಡೆ ಪಕ್ಕ ನೆಲದಲ್ಲೇ ಇತ್ತು. ಅಟ್ಟಕ್ಕೆ ಏರಿಸಿದರು.

ನಿದ್ದೆಯ ವಿಷಯದಲ್ಲಿ ನೆಂಟರೊಬ್ಬರು ‘ವಾಪಸ್ ಹೋಗುವಾಗ ನೆಗಡಿ ಸಿರಪ್ ಸ್ವಲ್ಪ ಕೊಡಿ, ಮಲಗ್ತದೆ’ ಎಂದರು. ಬೇಡ, ಖಂಡಿತ ಬೇಡ. ನೆಗಡಿಗೆ ಕೊಡುವ ಕ್ಲೋರ್‌ಫೆನಿರಮೈನ್–ಫೆನೈಲ್‌ಎಫ್ರಿನ್ ಜೋಡಿ ಸಿರಪ್ಪನ್ನು ನಾಲ್ಕು ವರ್ಷದೊಳಗಿನವರಿಗೆ ಬಳಸಬಾರದು ಎಂದು ಬಾಟಲಿಯ ಮೇಲೆ ಬರೆಯಲು ಭಾರತದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲೇ ಹೇಳಿದ್ದಾರೆ. ಕೆಲವು ಮಕ್ಕಳಲ್ಲಿ ಇಂಥ ಸಿರಪ್ ನಿದ್ದೆ ತರುವ ಬದಲು ಇನ್ನಷ್ಟು ಕೆರಳಿಸುತ್ತದೆ ಕೂಡ. ಘಾಟಿ ವಾಂತಿಗೆ ಔಷಧಿ ಬೇಕೆನಿಸಿದರೆ ಹೊರಡುವ ಮುಂಚೆ ಮಕ್ಕಳ ವೈದ್ಯರನ್ನು ಕೇಳಿ, ತೂಕಕ್ಕೆ ತಕ್ಕ ಪ್ರಮಾಣವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಜ್ವರದ ಪ್ಯಾರಸಿಟಮಾಲ್‌ಗೂ ಅದೇ ಮಾತು. ಅಂಗಡಿಯಲ್ಲಿ 5 ಎಂಎಲ್‌ಗೆ 120, 125, 250 ಮಿ.ಗ್ರಾಂ ಹೀಗೆ ಬೇರೆ ಬೇರೆ ಗಾಢತೆಯ ಸಿರಪ್ಪುಗಳಿವೆ. ಒಂದು ಎಂಎಲ್‌ಗೇ 100 ಮಿ.ಗ್ರಾಂ ಇರುವ ಹನಿಗಳೂ ಇವೆ. ‘ಮನೆಯಲ್ಲಿ ಐದು ಎಂಎಲ್ ಕೊಡ್ತಿದ್ವಿ’ ಎಂಬ ನೆನಪು ಬೇರೆ ಬಾಟಲಿಗೆ ಒಗ್ಗುವುದಿಲ್ಲ.

ಬರುವ ದಿನದ ಲೆಕ್ಕ

ರಾತ್ರಿ ಹೊರಡುವ ಸಲಹೆ ಬಂತು, ಮಗು ಮಲಗಿರುತ್ತದಲ್ಲ ಎಂದು. ಕುಟುಂಬದವರು ಒಪ್ಪಲಿಲ್ಲ, ನಾವೂ ಒಪ್ಪುವುದಿಲ್ಲ. ಮಗು ಮಲಗುವ ಹೊತ್ತಿಗೇ ಓಡಿಸುವವರಿಗೂ ತೂಕಡಿಕೆ ಬರುತ್ತದೆ. ಘಾಟಿಯಲ್ಲಿ ಮಂಜು, ಟ್ಯಾಂಕರುಗಳ ಸಾಲು ಬೇರೆ. ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿ ಮುಚ್ಚುವುದೂ ಉಂಟು, ಹೊರಡುವ ಹಿಂದಿನ ಸಂಜೆ ವಿಚಾರಿಸಲೇಬೇಕು.

ರೈಲನ್ನೂ ಯೋಚಿಸಿದರು. ಕಬಕ ಪುತ್ತೂರು ನಿಲ್ದಾಣ ಹತ್ತಿರವೇ. ಐದು ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಬರ್ತ್ ಬೇಡವೆಂದರೆ ಟಿಕೆಟ್ ಇಲ್ಲ, ಬೇಕೆಂದರೆ ಪೂರ್ತಿ ದರ. ಹಗಲು ರೈಲಿನಲ್ಲಿ ಮಗು ಓಡಾಡಬಹುದು, ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದ ತನಕ 57 ಸುರಂಗಗಳಿವೆ. ಕತ್ತಲೆಗೆ ಹೆದರುವ ಮಗುವಿಗೆ ‘ಕತ್ತಲೆ ಬಂತು… ಬೆಳಕು ಬಂತು’ ಎಂದು ಮೊದಲೆರಡು ಸುರಂಗದಲ್ಲೇ ಆಟ ಕಟ್ಟಿದರೆ ಉಳಿದವು ಸಲೀಸು. ಆದರೆ ಕಾರನ್ನು ಬಿಟ್ಟು ಹೋಗುವಂತಿರಲಿಲ್ಲ. ಕಾರಿನ ದಾರಿಯನ್ನೇ ಸರಿಮಾಡಬೇಕಿತ್ತು.

ಸೂತ್ರ ಒಂದೇ: ಗಡಿಯಾರವನ್ನು ಮಗುವಿನ ಹೊಟ್ಟೆ ನಿದ್ದೆಗೆ ಹೊಂದಿಸಿ, ಮಿಕ್ಕದ್ದನ್ನು ಅದರ ಸುತ್ತ ಇಡುವುದು. 12.45ರ ನಿದ್ದೆ ಓಡುವ ಕಾರಿನಲ್ಲಿ, ತಡೆಯಿಲ್ಲದೆ, ಮನೆ ಹತ್ತಿರವಾಗುತ್ತಿರುವಾಗ ಬರಬೇಕು. ಘಾಟಿ ಖಾಲಿಯೂ ಅಲ್ಲದ ತುಂಬಿಯೂ ಇಲ್ಲದ ಹೊಟ್ಟೆಯಲ್ಲಿ ಮುಗಿಯಬೇಕು. ಹಿಂದಕ್ಕೆ ಎಣಿಸಿದರೆ ಹೊರಡುವ ಸಮಯ 6.15.

ಮಲಗಿದ ಮಗುವನ್ನು ಹಾಗೇ ಎತ್ತಿ ಸೀಟಿಗೆ ಕಟ್ಟಬಾರದು ಎಂದು ನಿರ್ಧರಿಸಿದರು. ಸೌಮ್ಯ ಸ್ವಭಾವದ ಮಗುವಿಗೆ ಅದು ನಡೆಯುತ್ತದೆ. ಇಂಥ ಮಗು ಕಣ್ಣು ತೆರೆದಾಗ ತನ್ನನ್ನು ಕೇಳದೆ ಕಟ್ಟಿಹಾಕಿರುವುದನ್ನು ಕಂಡರೆ ದಿನವಿಡೀ ಕ್ಷಮಿಸದು. 5.45ಕ್ಕೆ ಎಬ್ಬಿಸಿ, ಅರ್ಧ ಏಲಕ್ಕಿ ಬಾಳೆಹಣ್ಣು, ಎರಡು ಗುಟುಕು ನೀರು. ಹಾಲು ಇಲ್ಲ.

ಸೀಟಿನ ಅಭ್ಯಾಸ ಹಿಂದಿನ ಎರಡು ದಿನ ನಿಂತ ಕಾರಿನಲ್ಲೇ ನಡೆದಿತ್ತು, ದಿನಕ್ಕೆ ಎರಡು ಸಲ, ಐದೈದು ನಿಮಿಷ. ಗೊಂಬೆಗೆ ಬೆಲ್ಟು ಹಾಕುವುದು ಅವಳ ಕೆಲಸ. ಆಮೇಲೆ ತಾನೇ ಹತ್ತಬೇಕು. ಅಪ್ಪ ಈ ನಡುವೆ ಸೀಟನ್ನು ಮೊದಲಿನಿಂದ ಪರೀಕ್ಷಿಸಿದರು, ಎರಡು ದೋಷ ಸಿಕ್ಕವು. ಹೆಗಲ ಪಟ್ಟಿ ಬರುವ ತೂತು ಹೆಗಲಿಗಿಂತ ಕೆಳಗಿತ್ತು. ಮುಂದಕ್ಕೆ ಮುಖಮಾಡಿದ ಸೀಟಿನಲ್ಲಿ ಅದು ಹೆಗಲ ಮಟ್ಟಕ್ಕೆ ಅಥವಾ ಸ್ವಲ್ಪ ಮೇಲೆ ಇರಬೇಕು (ಹಿಂದಕ್ಕೆ ಮುಖಮಾಡಿದ್ದರೆ ಹೆಗಲ ಮಟ್ಟಕ್ಕೆ ಅಥವಾ ಕೆಳಗೆ). ಕೆಳಗಿದ್ದರೆ ಹೆಗಲನ್ನು ಕುಗ್ಗಿಸುತ್ತದೆ, ಮಗುವಿಗೆ ಹಿಂಸೆ. ಅರ್ಧ ‘ಹಟ’ ಅದೇ ಆಗಿತ್ತು. ಎರಡನೆಯದು, ಪಟ್ಟಿ ಸಡಿಲ. ಹೆಗಲ ಎಲುಬಿನ ಮೇಲೆ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಬೇಕು. ಮಡಿಕೆ ಸಿಕ್ಕರೆ ಇನ್ನೂ ಬಿಗಿ ಬೇಕು. ದಪ್ಪ ಸ್ವೆಟರ್ ಮೇಲೆ ಬೆಲ್ಟು ಹಾಕಬಾರದು, ಒಳಗೆ ಜಾಗ ಉಳಿಯುತ್ತದೆ.

ಮೈ ಬಾಗಿಸಿದರೆ ಏನು ಮಾಡಬೇಕು? ಹೊಟ್ಟೆಯ ಮೇಲೆ ಮೊಣಕೈ ಒತ್ತಬೇಡಿ. ಒಂದು ಉಸಿರು ಕಾಯಿರಿ. ಯಾವ ಮಗುವೂ ಎಡೆಬಿಡದೆ ಬಿಲ್ಲಾಗಿರಲಾರದು, ಅಳುವಿನ ನಡುವೆ ಉಸಿರೆಳೆಯುವಾಗ ಸೊಂಟ ತಾನಾಗಿ ಮಡಚುತ್ತದೆ. ಆ ಕ್ಷಣದಲ್ಲಿ ತೊಡೆಯ ಮೇಲೆ ಅಂಗೈ ಇಟ್ಟು ಪೃಷ್ಠವನ್ನು ಸೀಟಿನ ಮೂಲೆಗೆ ಸರಿಸಿ, ಕಾಲ ನಡುವಿನ ಬಕಲ್ ಹಿಡಿದು ಎರಡೂ ಬದಿಯ ಪಟ್ಟಿಯ ತುದಿ ಸೇರಿಸಿ. ಮಾತು ಬೇಡ. ಕೆಲಸ ಒಬ್ಬರದೇ, ಇನ್ನೊಬ್ಬರು ಕೈಹಾಕಬಾರದು, ಸಲಹೆಯನ್ನೂ ಕೊಡಬಾರದು.

ಕದಲದ ನಿಯಮ ಮೂರೇ ಎಂದು ಮನೆಯವರೆಲ್ಲ ಕೂತು ಒಪ್ಪಿದರು: ಬೆಲ್ಟು ಇಲ್ಲದೆ ಕಾರು ಹೊರಡದು, ರಸ್ತೆ, ಪಾರ್ಕಿಂಗ್‌ನಲ್ಲಿ ಕೈ ಹಿಡಿಯಲೇಬೇಕು, ಹೊಡೆಯುವಂತಿಲ್ಲ, ಎಸೆಯುವಂತಿಲ್ಲ. ಮಿಕ್ಕದ್ದರಲ್ಲಿ ಅವಳಿಗೆ ಬಿಟ್ಟುಕೊಡಬಹುದಾದದ್ದನ್ನೆಲ್ಲ ಬಿಟ್ಟುಕೊಟ್ಟರು. ಕೆಂಪು ಚಪ್ಪಲಿಯೋ ನೀಲಿಯೋ, ಗೊಂಬೆ ಮೊದಲೋ ಅವಳು ಮೊದಲೋ, ಇಡ್ಲಿಯೋ ಬಾಳೆಹಣ್ಣೋ. ಎರಡೇ ಆಯ್ಕೆ, ಎರಡೂ ದೊಡ್ಡವರಿಗೆ ಒಪ್ಪಿಗೆಯಾದವು. ‘ಹೋಗೋಣ್ವಾ?’ ನಿಂತಿತು. ಅದರ ಬದಲು: ‘ಈಗ ಸೀಟು. ನೀನೇ ಹತ್ತುತ್ತೀಯಾ, ಅಪ್ಪ ಎತ್ಬೇಕಾ?’

ಅಜ್ಜನಿಗೆ ಅಮ್ಮ ವಾದ ಮಾಡಲಿಲ್ಲ. ಸೀಟಿನ ಪಟ್ಟಿ ಹೇಗೆ ಕೆಲಸ ಮಾಡುತ್ತದೆಂದು ತೋರಿಸಿ, ಬೆಳಿಗ್ಗೆ ಕೊನೆಯ ಬಕಲ್ ‘ಕ್ಲಿಕ್’ ಎನ್ನಿಸುವ ಕೆಲಸವನ್ನು ಅವರಿಗೇ ಕೊಟ್ಟಳು. ಮೊಮ್ಮಗಳನ್ನು ಕಾಪಾಡುವ ಕೈ ತಮ್ಮದೇ ಎಂದಾದ ಮೇಲೆ ಅವರ ವಿರೋಧ ಕರಗಿತು.

ಬುತ್ತಿ: ನಾಲ್ಕು ಪುಟ್ಟ ಇಡ್ಲಿ, ಚಪಾತಿ ಸುರುಳಿ ಎರಡು, ಏಲಕ್ಕಿ ಬಾಳೆಹಣ್ಣು ಆರು, ಹುಳಿಯಾಗದ ಹಾಗೆ ಹಾಲು ಹೆಚ್ಚು ಮೊಸರು ಕಡಿಮೆ ಕಲಸಿದ ಮೊಸರನ್ನ. ಕಡಲೆಕಾಯಿ, ಗೋಡಂಬಿ, ಚಿಕ್ಕಿ, ಇಡೀ ದ್ರಾಕ್ಷಿ ಇಲ್ಲ. ದ್ರಾಕ್ಷಿಯಾದರೆ ಉದ್ದಕ್ಕೆ ನಾಲ್ಕು ಸೀಳು. ಓಡುವ ಕಾರಿನಲ್ಲಿ ಗಟ್ಟಿ ತಿನಿಸು ಬೇಡವೇ ಬೇಡ, ಗಂಟಲಲ್ಲಿ ಸಿಕ್ಕಿದರೆ ಮುಂದೆ ಕೂತವರಿಗೆ ಗೊತ್ತಾಗುವುದಿಲ್ಲ. ಕೈಗೆಟಕುವ ಚೀಲದಲ್ಲಿ ಎರಡು ಜೊತೆ ಬಟ್ಟೆ, ಹಳೆ ಟವೆಲ್, ಜಿಪ್ ಕವರ್ ನಾಲ್ಕು, ಒಂದು ಲೀಟರಿಗೆ ಬೆರೆಸುವ ಓಆರ್‌ಎಸ್ ಪೊಟ್ಟಣ ಎರಡು. ಟವೆಲನ್ನು ಮಗುವಿನ ಕೆಳಗೆ ಹಾಸಬಾರದು, ಪಟ್ಟಿ ಸಡಿಲವಾಗುತ್ತದೆ. ಬೆಲ್ಟು ಹಾಕಿದ ಮೇಲೆ ಮಡಿಲ ಮೇಲೆ ಹೊದಿಸಬೇಕು.

ಬರುವ ದಿನ ನಡೆದದ್ದು

6.20ಕ್ಕೆ ಹೊರಟರು. ಘಾಟಿಯಲ್ಲಿ ಕಿಟಕಿ ಎರಡು ಬೆರಳು ತೆರೆದಿತ್ತು, ಮೊಬೈಲು ಚೀಲದಲ್ಲಿ. ಅಮ್ಮ ಪಕ್ಕದಲ್ಲಿ ಕೂತು ಮುಂದಿನ ಗಾಜಿನ ಕಡೆ ಕೈತೋರಿಸುತ್ತ ‘ಕೆಂಪು ಲಾರಿ ಬಂತಾ?’ ಎಂದು ಕಾಯಿಸಿದಳು. ವಾಂತಿಯಾಗಲಿಲ್ಲ. 8.25ಕ್ಕೆ ಸಕಲೇಶಪುರ.

ಅಲ್ಲಿ ರಂಪ ಆಯಿತು. ಬೇರೆಯವರು ಕೂತಿದ್ದ ಕುರ್ಚಿಯೇ ಬೇಕೆಂದಳು. ಸಿಗಲಿಲ್ಲ, ನೆಲಕ್ಕೆ ಬಿದ್ದಳು. ಅಪ್ಪ ಎತ್ತಿಕೊಂಡು ಹೊರಗೆ ಹೋಗಿ ಕಾರಿನ ನೆರಳಿನಲ್ಲಿ, ಗಾಡಿಗಳು ಬಾರದ ಬದಿಯಲ್ಲಿ ಕೂತರು. ಮೊದಲ ಏಳೆಂಟು ನಿಮಿಷ ಕೋಪ. ಆ ಹೊತ್ತಿನಲ್ಲಿ ಅವರು ಹೇಳಿದ್ದು ಒಂದೇ ಸಲ, ‘ಕುರ್ಚಿ ಬೇಕಿತ್ತು. ಕೋಪ ಬಂತು. ಅಪ್ಪ ಇಲ್ಲೇ ಇದ್ದೀನಿ.’ ಬುದ್ಧಿ ಹೇಳಲಿಲ್ಲ. ಕೋಪ ನೆತ್ತಿಗೇರಿದಾಗ ಮಾತು ಒಲೆಗೆ ಹಾಕಿದ ಸೌದೆಯಿದ್ದಂತೆ. ಕಿರುಚು ಇಳಿದು ಬಿಕ್ಕು ಬಂದಾಗ ಮಗು ತಾನೇ ತೋಳು ಚಾಚಿತು. ಆಗ ನೀರು, ಆಮೇಲೆ ಇಡ್ಲಿ. ಒಟ್ಟು 11 ನಿಮಿಷ. ನಡುವೆ ಹಿರಿಯ ಹೆಂಗಸೊಬ್ಬರು ಚಾಕೊಲೇಟ್ ಕೊಡಲು ಬಂದರು. ‘ತುಂಬ ಉಪಕಾರ ಅಮ್ಮಾ, ಊಟ ಆದ್ಮೇಲೆ ಕೊಡ್ತೀನಿ’ ಎಂದು ಜೇಬಿಗೆ ಇಟ್ಟುಕೊಂಡರು.

ಬೇರೆಯವರ ಎದುರು ಮಗು ಅತ್ತರೆ ದೊಡ್ಡವರ ಮುಖ ಕೆಂಪಾಗುತ್ತದೆ, ಆ ನಾಚಿಕೆಗೇ ಎಷ್ಟೋ ನಿಯಮಗಳು ಮುರಿಯುತ್ತವೆ. ಆದ್ದರಿಂದ ಹೊರಗೆ ಕರೆದೊಯ್ಯುವುದು ಮಗುವಿಗೆ ಎಷ್ಟು ಒಳ್ಳೆಯದೋ ಅಪ್ಪನಿಗೂ ಅಷ್ಟೇ.

ಚನ್ನರಾಯಪಟ್ಟಣದಲ್ಲಿ ಹತ್ತು ನಿಮಿಷ ನಿಂತರು, ಬಿಸಿಲೆಂದು ತೆಳು ಸ್ವೆಟರ್ ತೆಗೆದರು. ಪಟ್ಟಿ ಮತ್ತೆ ಬಿಗಿ ಮಾಡಲು ಮರೆತರು. ಬೆಳ್ಳೂರು ಕ್ರಾಸ್ ಹತ್ತಿರ ಮಗು ಎರಡೂ ತೋಳನ್ನು ಹೊರಗೆ ಎಳೆದುಕೊಂಡಿತು. ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸದೆ ಅಮ್ಮ ತೋಳಿನಿಂದ ತಡೆದು ಹಿಡಿದಳು, ಮುಂದಿನ ಪೆಟ್ರೋಲ್ ಬಂಕಿನೊಳಗೆ ತಿರುಗಿಸಿದರು, ಎಂಜಿನ್ ಆಫ್ ಮಾಡಿದರು. ‘ಬೆಲ್ಟು ಇಲ್ಲ, ಕಾರು ಇಲ್ಲ.’ ಎರಡು ನಿಮಿಷ ಮೌನ. ‘ಗೊಂಬೆ ಬೆಲ್ಟು ನೋಡು’ ಎಂದು ಮಗಳೇ ಗೊಂಬೆಯ ಪಟ್ಟಿ ಸರಿಮಾಡಿ, ತನ್ನ ತೋಳನ್ನು ಚಾಚಿದಳು.

11.30ಕ್ಕೆ ಯಡಿಯೂರು. ಮೊಸರನ್ನ, ಆಮೇಲೆ 25 ನಿಮಿಷ ಬರೀ ಓಟ. ಪೆಟ್ರೋಲು, ಶೌಚ, ಡಯಾಪರ್ ಎಲ್ಲ ಅಲ್ಲೇ ಮುಗಿಸಿದ್ದರಿಂದ ಮುಂದೆ ನಿಲ್ಲುವ ಕಾರಣವೇ ಇರಲಿಲ್ಲ. 12.20ಕ್ಕೆ ಹೊರಟು 12.40ಕ್ಕೆ ನಿದ್ದೆ. 2.15ಕ್ಕೆ ತಾನೇ ಎದ್ದಾಗ ಕಾರು ಬೆಂಗಳೂರಿನೊಳಗಿತ್ತು.

ಮನೆಗೆ ಬಂದ ಮೇಲೆ

ರಾತ್ರಿ ನಿದ್ದೆ ಹಳೆಯ ಒಂಬತ್ತಕ್ಕೆ ಬರಲು ಐದು ದಿನ ಹಿಡಿಯಿತು. ತಡವಾಗಿ ಮಲಗಿದ ರಾತ್ರಿಯ ಮರುದಿನವೂ ಏಳಕ್ಕೇ ಎಬ್ಬಿಸಿದರು, ದಿನಕ್ಕೆ ಕಾಲು ಗಂಟೆಯಂತೆ ಮಲಗುವ ಹೊತ್ತನ್ನು ಹಿಂದಕ್ಕೆ ತಂದರು.

ಪ್ರಯಾಣದ ಪಾಠವನ್ನು ಬಾಗಿಲಿಗೂ ಬಚ್ಚಲಿಗೂ ತಂದದ್ದು ಅಮ್ಮ. ಬೆಳಿಗ್ಗೆ ಹೊರಡುವ ಗಲಾಟೆ ಚಪ್ಪಲಿಯ ಬಳಿ ಆಗುತ್ತಿತ್ತು. ಅವಳು ಹಾಕಿಕೊಳ್ಳಲು ಆರು ನಿಮಿಷ ಬೇಕು, ಮನೆಯವರು ಕೊಡುತ್ತಿದ್ದುದು ಒಂದು. ಹತ್ತು ನಿಮಿಷ ಮೊದಲೇ ಬಾಗಿಲಿಗೆ ಬರುವ ರೂಢಿ ಮಾಡಿದರು, ಪಟ್ಟಿ ಕಟ್ಟುವ ಚಪ್ಪಲಿಯ ಬದಲು ಅಂಟುಪಟ್ಟಿಯದು ತಂದರು. ಹಲ್ಲುಜ್ಜುವಾಗ ಮೊದಲ ಸುತ್ತು ಅವಳದು, ಎರಡನೆಯದು ಅಮ್ಮನದು; ಪೇಸ್ಟು ಒಂದು ಅಕ್ಕಿಕಾಳಿನಷ್ಟು. ಎರಡನೆಯ ಸುತ್ತು ಕದಲದ ನಿಯಮ, ಬ್ರಷ್ಷಿನ ಬಣ್ಣ ಅವಳ ಆಯ್ಕೆ.

ಎಲ್ಲ ರಚ್ಚೆಯೂ ಸ್ವಭಾವದ್ದಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಕಿವಿನೋವು, ಮಲಬದ್ಧತೆ, ಗೊರಕೆಯಿಂದ ಕೆಡುವ ನಿದ್ದೆ ಹಟದ ವೇಷದಲ್ಲಿ ಬರುತ್ತವೆ. ಅಳುವಾಗ ಉಸಿರು ಕಟ್ಟಿ ನೀಲಿಗಟ್ಟುವ ಮಗುವಿಗೆ ರಕ್ತದ ಕಬ್ಬಿಣಾಂಶ ನೋಡಿಸಬೇಕು. ಎರಡು ವರ್ಷವಾದರೂ ಎರಡು ಪದ ಜೋಡಿಸದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಬಂದ ಮಾತು ಹೋದರೆ, ತನಗೇ ಪೆಟ್ಟು ಮಾಡಿಕೊಂಡರೆ ‘ದೊಡ್ಡವಳಾದ್ಮೇಲೆ ಸರಿಹೋಗ್ತದೆ’ ಎಂದು ಕಾಯಬಾರದು. ಜಿಲ್ಲಾ ಆಸ್ಪತ್ರೆಗಳಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಆರಂಭಿಕ ಮಧ್ಯಸ್ಥಿಕೆ ಕೇಂದ್ರಗಳಿವೆ. ಮಾತಿನ ವಿಷಯಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಸಾಕಾಗಿಹೋದ ಅಪ್ಪ ಅಮ್ಮಂದಿರಿಗೆ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಈ ಮಗುವಿನಲ್ಲಿ ಅಂಥ ಸೂಚನೆ ಯಾವುದೂ ಇರಲಿಲ್ಲ.

ದೀಪಾವಳಿಗೆ ಮತ್ತೆ ಪುತ್ತೂರು. ಅದಕ್ಕೆ ಮೂರು ಬದಲಾವಣೆ ಬರೆದಿಟ್ಟಿದ್ದಾರೆ. ಸ್ವೆಟರ್ ತೆಗೆದಾಗಲೆಲ್ಲ ಪಟ್ಟಿ ಚಿವುಟಿ ನೋಡುವುದು. ತಿಂಡಿಗೆ ಹೋಟೆಲಿಗಿಂತ ಮೊದಲು ಓಡಲು ಜಾಗವಿರುವ ಕಡೆ ಹದಿನೈದು ನಿಮಿಷ ನಿಲ್ಲುವುದು. ಮತ್ತೆ, ಅಂಗಳದಲ್ಲಿ ಯಾರೂ ಕೈಚಾಚಿ ನಿಲ್ಲದಂತೆ ಅಜ್ಜಿಗೆ ಮುಂಚೆಯೇ ಫೋನು ಮಾಡುವುದು. ಅಜ್ಜಿ ಆಗಲೇ ಹೇಳಿದ್ದಾರೆ, ‘ನೀವು ಬರುವ ಹೊತ್ತಿಗೆ ನಾನು ಬಸಳೆ ಹಿಡ್ಕೊಂಡು ಜಗಲಿಯಲ್ಲಿ ಕೂತಿರ್ತೇನೆ.’